ಖಾಯಂ ವಿಳಾಸ

ಬಸ್‌ಸ್ಟ್ಯಾಂಡಿನ ಹಿಂದಿನ ಮೊದಲ ಲಾಡ್ಜಿನವ
ನಮ್ಮ ಮುಖ ನೋಡಲಿಲ್ಲ, ಚೀಲ ನೋಡಿದ.
"ಎರಡು ಸಾವಿರದ ಎಂಟ್ನೂರು. ಉತ್ಸವದ ರೇಟು."
ಹೋದ ತಿಂಗಳು?
"ಹೋದ ತಿಂಗಳು ಬರಬೇಕಿತ್ತು, ಅಕ್ಕ."

ಎರಡನೆಯದರಲ್ಲಿ ಕೀಲಿ ತೂಗುವ ಮೊಳೆಗಳೆಲ್ಲ ಬೋಳು.
ಮೂರನೆಯದರಲ್ಲಿ ಡಾರ್ಮಿಟರಿ, ಗಂಡಸರಿಗೆ ಮಾತ್ರ.
ನಾಲ್ಕನೆಯವ ಮೆಟ್ಟಿಲ ಕೆಳಗೊಂದು ಮಂಚ ತೋರಿಸಿ
"ಫ್ಯಾನು ಹಾಕಿಸಿಕೊಡ್ತೆ" ಅಂದ.
ಫ್ಯಾನು ಅವನ ಕೈಯಲ್ಲೇ ಇತ್ತು, ರೆಕ್ಕೆ ಎರಡೇ.

ವೈಜು ನಕ್ಕಳು. ಹನ್ನೊಂದು ವರ್ಷ. ದಾಂಡೇಲಿಯಿಂದ
ಘಟ್ಟ ಇಳಿವಾಗ ಎರಡು ಸಲ ವಾಂತಿ ಮಾಡಿಕೊಂಡೂ ನಗುವ ಹುಡುಗಿ.
ಅವಳಿಗೆ ಸಮುದ್ರದ ದಂಡೆಯ ಲೈಟು ನೋಡಬೇಕು,
ಟಿವಿಯಲ್ಲಿ ಹಾಡುವವಳನ್ನು ಎದುರಿಗೇ ನೋಡಬೇಕು.
ನನಗೆ ಬೆನ್ನು ಚಾಚಲು ಆರಡಿ ಸಾಕು,
ಆರುನೂರರ ಒಳಗೆ.

ಪೇಟೆಯಿಂದ ದೂರ ಹೋದಷ್ಟೂ ಅಗ್ಗ, ಆಟೋದವನ ಲೆಕ್ಕ.
ಕಾಳಿ ದಾಟಿದರೆ ಸದಾಶಿವಗಡ: ಸಾವಿರದ ಐನೂರು.
ಮಾಜಾಳಿ: ಮದುವೆ ದಿಬ್ಬಣದವರು ತುಂಬಿದ್ದಾರೆ.
ಅದರಾಚೆ ಗೋವಾ. "ಅಲ್ಲಿ ರೂಮು ಅಗ್ಗ ಅಲ್ಲ, ಬೇರೆಯದು ಅಗ್ಗ"
ಅಂದವ, ಕನ್ನಡಿಯಲ್ಲಿ ಹುಡುಗಿಯ ಕಂಡು ಬಾಯಿ ಮುಚ್ಚಿಕೊಂಡ.
ಹಾಗಾದರೆ ತೆಂಕಕ್ಕೆ ತಿರುಗಿಸು, ಅಂದೆ.

ನಾನು ತೆಂಕಕ್ಕೆ ಅಂದದ್ದು ದುಡ್ಡು ಉಳಿಸಲಿಕ್ಕೆ.
ಬೇರೆ ಯಾವ ಕಾರಣವೂ ಇರಲಿಲ್ಲ.

ಬಿಣಗಾ ಕಳೆಯಿತು. ಆಮೇಲೆ ಬಲಕ್ಕೆ ಗೋಡೆ ಶುರುವಾಯಿತು.
ಗೋಡೆಯ ಮೇಲೆ ತಂತಿ, ತಂತಿಯ ಮೇಲೊಂದು ಕಾಗೆ,
ಮತ್ತೆ ಗೋಡೆ.
ಆಟೋದವನ ಬೀಡಿ ಮುಗಿಯಿತು, ಗೋಡೆ ಮುಗಿಯಲಿಲ್ಲ.

ಅಮದಳ್ಳಿ ದಾಟಿ, ಗುಡ್ಡದ ಮಗ್ಗುಲಲ್ಲಿ ಒಂದು ಮನೆ;
ರಟ್ಟಿನ ಮೇಲೆ ಸೀಮೆಸುಣ್ಣದಲ್ಲಿ: ರೂಮು ಇದೆ. ಮೀನು ಹುರಿಯಬಾರದು.
ಉಮಾಕಾಂತ ಪೆಡ್ನೇಕರ, ನಿವೃತ್ತ ಪೋಸ್ಟ್‌ಮನ್,
ಬನಿಯನ್ನಿಗೆ ಕನ್ನಡಕ ಸಿಕ್ಕಿಸಿಕೊಂಡು ಹೊರಗೆ ಬಂದ.
"ಐನೂರು. ಬಿಸಿನೀರಿಗೆ ಇಪ್ಪತ್ತು.
ಪೊಲೀಸರು ಹೇಳಿ ಹೋಗಿದ್ದಾರೆ, ಪಟ್ಟಿ ತುಂಬಬೇಕು."
ಮೊಮ್ಮಗನ ಗಣಿತದ ನೋಟುಬುಕ್ಕು, ಸ್ಕೇಲಿಟ್ಟು ಎಳೆದ ಗೆರೆ.

ಹೆಸರು: ಚಂದ್ರಭಾಗಾ ಹರಿಕಂತ್ರ. ವಯಸ್ಸು: ನಲವತ್ತೇಳು.
ಜೊತೆಗೆ: ಮಗಳು. ಬಂದ ಕಾರಣ: ಉತ್ಸವ.
ಖಾಯಂ ವಿಳಾಸ:

ದಾಂಡೇಲಿಯಲ್ಲಿ ಮೂರು ಬಾಡಿಗೆ ಮನೆ ಬದಲಾಯಿಸಿದ್ದೇನೆ.
ಆಧಾರದಲ್ಲಿರುವುದು ಎರಡು ಮನೆ ಹಿಂದಿನದು.
ಪೆನ್ನು ತನ್ನಷ್ಟಕ್ಕೇ ಬರೆಯಿತು: ಶಿಂಪಿಗದ್ದೆ.

ಅವ ಕನ್ನಡಕ ಏರಿಸಿದ. ಇಳಿಸಿದ.
"ಹದಿನಾಲ್ಕು ವರ್ಷ ಸೈಕಲ್ ಮೇಲೆ ಟಪಾಲು ಹಾಕಿದ್ದೇನೆ ಅಲ್ಲಿ.
ಇಪ್ಪತ್ತೆರಡು ಮನೆ. ನಾಯಿ ಒಂಬತ್ತು.
ಕಡೆಗೆ ಏಳಿ ಅನ್ನುವ ನೋಟೀಸು ಹಂಚಿದವನೂ ನಾನೇ.
ಎಲ್ಲರೂ ಸಹಿ ಹಾಕಿ ತಕ್ಕೊಂಡರು.
ಒಬ್ಬಳು ಮುದುಕಿ, ಓದಲು ಬರುತ್ತಿರಲಿಲ್ಲ ಪಾಪ,
ಮನಿಯಾರ್ಡರು ಅಂದುಕೊಂಡು ಎಳನೀರು ಕೆತ್ತಿ ಕೊಟ್ಟಳು."

ಬಾವಿಯ ಪಕ್ಕದ ಮನೆಯೇ ಅಂತ ನಾನು ಕೇಳಲಿಲ್ಲ.
ಐನೂರ ಇಪ್ಪತ್ತು ಎಣಿಸಿ ಕೊಟ್ಟೆ.
ಅವನೂ ಎಣಿಸಿಯೇ ತಕ್ಕೊಂಡ.

ಒಳಗೆ ಸೊಳ್ಳೆ. ರಾತ್ರಿ ತಾರಸಿ ಹತ್ತಿದೆವು.
ಬಡಗಣ ಗುಡ್ಡದಾಚೆ ಆಕಾಶ ಒಂಚೂರು ಕೆಂಪು:
ಅದೇ ಇರಬೇಕು ಉತ್ಸವ. ನಾಳೆ ಹೋಗೋಣ, ಅಂದೆ.
ಎದುರಿಗೆ ಗೋಡೆ. ಗೋಡೆಯೊಳಗೆ ಸಾಲುದೀಪ,
ಇಸ್ತ್ರಿ ಮಾಡಿಟ್ಟಂಥ ರಸ್ತೆ, ಅಲುಗದೆ ನಿಂತ ಹಡಗು.
ಎರಡು ದೀಪದ ನಡುವೆ ಒಂದು ಕಡೆ ಮಾತ್ರ ಕತ್ತಲು.
ಬೆರಳು ಮಾಡಿ ತೋರಿಸಿದೆ: ಅಜ್ಜಿ ಒಣಮೀನು ಹರವುತ್ತಿದ್ದುದು ಅಲ್ಲಿ.
ನಾನು ಹುಟ್ಟಿದ್ದು ಅದರ ಬಲಕ್ಕೆ.

ವೈಜು ಕಣ್ಣು ಕಿರಿದು ಮಾಡಿ ನೋಡಿದಳು.
ಮಧ್ಯಾಹ್ನದಿಂದ ಕಲಿತ ಪಾಠ ಬಾಯಿಗೆ ಬಂದಿತ್ತು:
"ಅಲ್ಲಿ ರೂಮಿಗೆ ಎಷ್ಟು, ಆಯಿ?"

ಕೆಳಗಿನಿಂದ ಪೆಡ್ನೇಕರ ಕೂಗಿದ:
ಬಿಸಿನೀರು ಆರಕ್ಕೋ, ಏಳಕ್ಕೋ?
ಆರಕ್ಕೆ, ಅಂದೆ.
ಸ್ವಲ್ಪ ತಡೆದು ಮತ್ತೆ ಅವನ ದನಿ:
"ಪಿನ್‌ಕೋಡಿನ ಜಾಗ ಖಾಲಿ ಬಿಟ್ಟಿದ್ದಿರಿ.
ನಾನೇ ಬರೆದೆ."